ಮೆಕ್ಕೆಜೋಳ ಕೂಡಿಟ್ಟು ಚರ್ಚಿಗೆ ಶೀಟ್ ಹೊದಿಸಿದ್ದು

"ಅಮ್ಮನವರೇ, ನೀವು ಅಲ್ಲಿಗೆ ಸುವಾರ್ತೆ ಸಾರಲಿಕ್ಕೆ ಹೋದದ್ದಾ, ಜೋಳದ ಮಂಡಿ ಇಡಲಿಕ್ಕಾ?"

ನಮ್ಮನ್ನು ಕಳಿಸಿದ ಸಭೆಯ ಖಜಾಂಚಿಯವರು ಉಡುಪಿ ಕಡೆಯಿಂದ ಫೋನಿನಲ್ಲಿ ಕೇಳಿದ್ದು ಇದು. ಆ ಹೊತ್ತಿಗೆ ನಮ್ಮ ಮಲಗುವ ಕೋಣೆಯಲ್ಲಿ ಹದಿನಾಲ್ಕು ಚೀಲ ಜೋಳ ಹುಳ ಹಿಡಿದು ಹುಡಿಯಾಗಿತ್ತು, ಹಾಗಾಗಿ ಬಾಯಿ ಮುಚ್ಚಿಕೊಂಡೆ. ಈಗ ಚರ್ಚಿನ ಮೇಲೆ ಐವತ್ತೆರಡು ಶೀಟ್ ಇದೆ. ಕಟ್ಟಡ ನಿಧಿ ಅಂತ ಊರಿಂದ ಒಂದು ಪೈಸೆ ಬಂದಿಲ್ಲ. ಈಗ ಬಾಯಿ ಬಿಡಬಹುದು ಅಲ್ವಾ?

ನಾವಿರುವುದು ಮಲಾವಿಯ ದಕ್ಷಿಣದಲ್ಲಿ, ಮುಲಾಂಜೆ ಬೆಟ್ಟದ ಬುಡದಲ್ಲಿ. ಬಂದದ್ದು 2019ರಲ್ಲಿ. ಇಲ್ಲಿನ ಚಿಚೇವಾ ಭಾಷೆ ಕಲಿತದ್ದು, ಎನ್ಸಿಮಾ ಮುದ್ದೆ ಅಭ್ಯಾಸವಾದದ್ದು, ಮೂರು ಗಂಟೆಯ ಆರಾಧನೆ, ಸಾವಿನ ಮನೆಯಲ್ಲಿ ರಾತ್ರಿಯಿಡೀ ಹೆಂಗಸರ ಜೊತೆ ನೆಲದ ಮೇಲೆ ಕೂರುವುದು, ಇದನ್ನೆಲ್ಲ ಬರೆಯುವುದಿಲ್ಲ. ಹೊರಗೆ ಸೇವೆಯಲ್ಲಿರುವ ನಿಮಗೆ ಇದೆಲ್ಲ ಗೊತ್ತಿದ್ದದ್ದೇ. ಇಲ್ಲಿ ನಾನು 'ಮಾಯಿ ಬುಸಾ', ಅಂದರೆ ಪಾದ್ರಿಯ ಹೆಂಡತಿ. ದುಡ್ಡಿನ ಲೆಕ್ಕ ನನ್ನದು, ಪ್ರಸಂಗ ಇವರದು.

ಭಾನುವಾರದ ಕಾಣಿಕೆ ತಟ್ಟೆಗೆ ಬೀಳುತ್ತಿದ್ದದ್ದು ಆರೇಳು ಸಾವಿರ ಕ್ವಾಚಾ, ಅಂದರೆ ಐನೂರು ರೂಪಾಯಿ ಆಸುಪಾಸು. ಅದನ್ನು ಡಬ್ಬಿಯಲ್ಲಿ ಕೂಡಿಟ್ಟರೆ ಶೀಟಿನ ಬೆಲೆ ನಮಗಿಂತ ಮುಂದೆ ಓಡುತ್ತಿತ್ತು. ಮೊದಲು ನಾನು ಮಿಜೋರಾಮಿನ ಸಭೆಗಳ ಹಿಡಿ ಅಕ್ಕಿ ಕ್ರಮ ತರಲು ಹೋದೆ. ಪ್ರತಿ ಅಡುಗೆಗೆ ಒಂದು ಹಿಡಿ ಹಿಟ್ಟು ತೆಗೆದಿಡಿ ಅಂದೆ. ಎರಡೇ ತಿಂಗಳಲ್ಲಿ ಬಿದ್ದುಹೋಯಿತು. ಹಿಟ್ಟು ಮುಗ್ಗಲು ಹಿಡಿಯಿತು, ಅದೊಂದು ಕಡೆ. ಸ್ತ್ರೀ ಸಂಘದ ಅಜ್ಜಿಯೊಬ್ಬರು ನಗುತ್ತಲೇ ಹೇಳಿದರು: "ಮಾಯಿ ಬುಸಾ, ಜನವರಿಯಲ್ಲಿ ನಮ್ಮ ಪಾತ್ರೆಯಿಂದ ಒಂದು ಹಿಡಿ ತೆಗೆದರೆ ಪಾತ್ರೆಯಲ್ಲಿ ಉಳಿಯುವುದು ಏನು?"

ಸರಿ, ಇದ್ದಾಗಲೇ ಕೇಳಬೇಕು. ಕೊಯ್ಲು ಏಪ್ರಿಲ್‌ನಿಂದ ಜೂನ್. ನಮ್ಮ ಕಡೆಯ ಬೆಳೆ ಹಬ್ಬದ ಹಾಗೆ ಒಂದು ಭಾನುವಾರ ಗೊತ್ತು ಮಾಡಿ ಮನೆಗೊಂದು ಬಕೆಟ್ ಜೋಳ ತನ್ನಿ ಅಂದೆವು. ಏಲಂ ಹಾಕಲಿಲ್ಲ. ಕೊಯ್ಲಿನ ಕಾಲಕ್ಕೆ ಬೆಲೆ ನೆಲ ಹಿಡಿದಿರುತ್ತದೆ, ಫೆಬ್ರವರಿಗೆ ಏರುತ್ತದೆ. ಅಲ್ಲಿಯವರೆಗೆ ಇಟ್ಟುಕೊಂಡರೆ ಆಯಿತು, ಇಷ್ಟೇ ನನ್ನ ವಿದ್ಯೆ. 2022ರಲ್ಲಿ ಇಪ್ಪತ್ತೆರಡು ಚೀಲ ಬಂತು. ಡಿಸೆಂಬರ್‌ನಲ್ಲಿ ಒಂದು ಚೀಲ ಎತ್ತಿದೆ, ತಲೆದಿಂಬಿನಷ್ಟು ಹಗುರ! ಬಾಯಿ ಬಿಚ್ಚಿದರೆ ಒಳಗೆ ಬರೀ ಸಿಪ್ಪೆ, ಹುಡಿ, ನಂಕಫುಂಬ್ವೆ ಹುಳ. ಉಳಿದದ್ದು ಎಂಟು ಚೀಲ. ಅದರ ಹಣ ಮಾರ್ಚ್ 2023ರಲ್ಲಿ ಫ್ರೆಡ್ಡಿ ಚಂಡಮಾರುತ ಬಂದಾಗ ಜನರ ಊಟಕ್ಕೆ ಹೋಯಿತು. ಹೊಳೆ ಬದಿಯ ಹೊಲಗಳು ಕೊಚ್ಚಿಹೋದವು. ಚರ್ಚಿನ ಹುಲ್ಲಿನ ಮಾಡು, ಪಶ್ಚಿಮದ ಗೋಡೆ ಎರಡೂ ಹೋದವು. ಸುತ್ತಲಿನ ಮಿಷನರಿ ಗೆಳೆಯರೆಲ್ಲ ಒಂದೇ ಮಾತು: ಫೋಟೋ ತೆಗೆದು ಊರಿಗೆ ಕಳಿಸಿ, ಹಣ ಬರುತ್ತದೆ. ಇವರೂ ಅರ್ಧ ಒಪ್ಪಿದ್ದರು. ನಾನು ಹಟ ಬಿಡಲಿಲ್ಲ.

ಎರಡನೇ ಸಲ ಪಿಕ್ಸ್ ಚೀಲ ತಂದೆ. ಒಳಗೆ ಎರಡು ಪ್ಲಾಸ್ಟಿಕ್ ಪದರ, ಹೊರಗೆ ನೇಯ್ದ ಚೀಲ. ಗಾಳಿ ಆಡದಂತೆ ಕಟ್ಟಿದರೆ ಹುಳ ಉಸಿರು ಕಟ್ಟಿ ಸಾಯುತ್ತದೆ. ಮದ್ದು ಬೇಡ. ಮೂವತ್ತಾರು ಚೀಲಕ್ಕೆ ಸುಮಾರು 1 ಲಕ್ಷ ಕ್ವಾಚಾ ಆಯಿತು, ಹಿರಿಯರ ಮುಖ ನೋಡಬೇಕಿತ್ತು. ಚೀಲಕ್ಕಿಂತ ಒಣಗಿಸುವುದೇ ಮುಖ್ಯ. ಒಣ ಬಾಟಲಿಗೆ ಒಂದಿಷ್ಟು ಜೋಳ, ಒಂದು ಚಮಚ ಒಣ ಉಪ್ಪು ಹಾಕಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ವಾಪಸ್ ಬಿಸಿಲಿಗೆ. ಒಬ್ಬ ಹಿರಿಯರ ಬಕೆಟನ್ನೇ ನಾನು ಎಲ್ಲರೆದುರು ತಿರುಗಿಸಿ ಕಳಿಸಿದೆ, ಅವರು ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಚೀಲದ ಬಾಯಿ ಕಟ್ಟುವುದರಲ್ಲಿ ಒಂದು ಕೈಚಳಕ ಇದೆ, ಅಜ್ಜಿ ಕಲಿಸಿದ್ದು. ಅದನ್ನು ಇಲ್ಲಿ ಹೇಳುವುದಿಲ್ಲ, ಬಂದವರಿಗೆ ಮಾಡಿ ತೋರಿಸುತ್ತೇನೆ.

ಇಲಿಗೆ ಮಾತ್ರ ಸೋತೆ. ಒಂದು ತೂತು ಬಿದ್ದರೆ ಇಡೀ ಚೀಲ ಕೆಟ್ಟ ಹಾಗೆ. ಇಲ್ಲಿ ಹುಡುಗರು ಇಲಿ ಹಿಡಿದು ಸುಟ್ಟು, ಕೋಲಿಗೆ ಸಾಲಾಗಿ ಸಿಕ್ಕಿಸಿ ರಸ್ತೆ ಬದಿ ಮಾರುತ್ತಾರೆ. ನಮ್ಮ ಮನೆಗೆ ಕರೆದರೆ ಮೂಗು ಮುರಿದರು. ಅವರಿಗೆ ಬೇಕಾದ್ದು ಹೊಲದ ಇಲಿಯಂತೆ! ಕೊನೆಗೆ ಬೆಕ್ಕು ಸಾಕಿದೆವು.

ಆ ವರ್ಷ ಜೋಳ ತಂದದ್ದು ಎಪ್ಪತ್ತೈದು ಮನೆಯವರು, ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಚೀಲ. ನಮ್ಮ ಸಂಬಳದಲ್ಲಿ ಉಳಿಸಿದ್ದರಲ್ಲಿ ಚೀಲಕ್ಕೆ 25 ಸಾವಿರದಂತೆ ಇನ್ನು ಹನ್ನೆರಡು ಸೇರಿಸಿದೆ. ನವೆಂಬರ್‌ನಲ್ಲಿ ಸರ್ಕಾರ ಕ್ವಾಚಾದ ಮೌಲ್ಯ ಇಳಿಸಿತು. ಡಾಲರಿಗೆ 1,180ರ ಹತ್ತಿರ ಇದ್ದದ್ದು ಒಂದೇ ಏಟಿಗೆ 1,700. ಪಕ್ಕದೂರಿನ ಸಭೆಯವರು ಮೂರು ವರ್ಷ ಕೂಡಿಟ್ಟ ನೋಟು ಕೈಯಲ್ಲೇ ಕರಗಿತು. ನಮ್ಮ ಹತ್ತಿರ ಇದ್ದದ್ದು ಜೋಳ.

ಕಷ್ಟ ಬಂದದ್ದು ಮಾರುವಾಗ. ಇವರು ಬೈಬಲಿನ ಯೋಸೇಫನ ಮೇಲೆ ಪ್ರಸಂಗ ಮಾಡಿದ್ದರು, ಬರಕ್ಕೆ ಮೊದಲೇ ಫರೋಹನಿಗಾಗಿ ಧಾನ್ಯ ಕೂಡಿಟ್ಟದ್ದು, ಏಳು ವರ್ಷದ ಸುಗ್ಗಿ, ಕಣಜ ಎಲ್ಲ. ಸಭೆ ಮುಗಿದ ಮೇಲೆ ಅದೇ ಮುನಿದ ಹಿರಿಯರು ಎದ್ದು ಜ್ಞಾನೋಕ್ತಿ 11:26 ಓದಿದರು. ಧಾನ್ಯವನ್ನು ಬಿಗಿಹಿಡಿಯುವವನನ್ನು ಜನ ಶಪಿಸುತ್ತಾರೆ ಅಂತ ಇದೆಯಲ್ಲ, ಅದು. "ಅಬುಸಾ (ಪಾದ್ರಿಯವರೇ), ಯೋಸೇಫನ ಹತ್ತಿರ ಕೊಂಡುಕೊಂಡವರು ಕೊನೆಗೆ ಹೊಲ ಕೊಟ್ಟು ಫರೋಹನಿಗೆ ದಾಸರಾದರು. ಆ ಅಧ್ಯಾಯ ಯಾಕೆ ಓದಲಿಲ್ಲ?" ಇವರ ಬಾಯಿಗೆ ಮಾತೇ ಬರಲಿಲ್ಲ. ನನಗೂ ಚುಚ್ಚಿತು. ಹಸಿದ ತಿಂಗಳಲ್ಲಿ ನಮ್ಮವರಿಗೇ ದುಬಾರಿಗೆ ಮಾರಿ ದೇವರ ಮನೆ ಕಟ್ಟುವುದು ಎಂಥದ್ದು ಮಾರಾಯ್ರೆ?

ಮೂರು ವಾರ ಜಗಳ. ಕೊನೆಗೆ ಹತ್ತು ಚೀಲವನ್ನು ಊರಿನವರಿಗೇ ಕೊಯ್ಲಿನ ಬೆಲೆಗೆ ಬಕೆಟ್ ಲೆಕ್ಕದಲ್ಲಿ ಕೊಟ್ಟೆವು, ವಿಧವೆಯರಿಗೆ ಮೊದಲು. ಅಳೆಯುವ ಕೆಲಸ ಆ ಹಿರಿಯರಿಗೇ ವಹಿಸಿದೆ. ಉಳಿದ ಇಪ್ಪತ್ತಾರು ದೂರದ ಪೇಟೆಗೆ, 42 ಸಾವಿರದ ಹಾಗೆ. ಯಾರಿಗೆ ಅಂತ ಕೇಳಬೇಡಿ, ಮುಂದಿನ ವರ್ಷಕ್ಕೂ ಆ ಗಿರಾಕಿ ಬೇಕು. ಒಟ್ಟು 13 ಲಕ್ಷ ಚಿಲ್ಲರೆ ಕ್ವಾಚಾ. ರೂಪಾಯಿಯಲ್ಲಿ ಸುಮಾರು 65 ಸಾವಿರ. ಶೀಟಿಗೇ 10 ಲಕ್ಷ ಹೋಯಿತು, ಉಳಿದದ್ದು ಮರ, ಮೊಳೆ, ಲಾರಿ.

ಗೋಡೆ ಜನರೇ ಇಟ್ಟಿಗೆ ಸುಟ್ಟು ಕಟ್ಟಿದರು, ಸ್ವಲ್ಪ ಸೊಟ್ಟ ಇದೆ. ಬ್ಲಾಂಟೈರಿನ ಸೇಂಟ್ ಮೈಕಲ್ ಚರ್ಚ್ ನೋಡಿದಾಗೆಲ್ಲ ಇವರಿಗೆ ಹೊಟ್ಟೆಕಿಚ್ಚು. 1888ರಿಂದ 1891ರವರೆಗೆ ಅದನ್ನು ಕಟ್ಟಿಸಿದ ಡೇವಿಡ್ ಕ್ಲೆಮೆಂಟ್ ಸ್ಕಾಟ್ ಕಟ್ಟಡ ವಿದ್ಯೆ ಕಲಿತವರಲ್ಲ, ಪಾದ್ರಿ. ಸಾಲದ್ದಕ್ಕೆ 1892ರಲ್ಲಿ ಇಲ್ಲಿನ ಮಂಗಾಂಜಾ ಭಾಷೆಗೆ ನಿಘಂಟೂ ಮಾಡಿದರು. ಅದಾಗಿ ಎರಡು ವರ್ಷಕ್ಕೆ ನಮ್ಮ ಕಿಟೆಲ್ ನಿಘಂಟು ಮಂಗಳೂರಲ್ಲಿ ಅಚ್ಚಾಯಿತು. ಆ ಕಾಲದ ಪಾದ್ರಿಗಳಿಗೆ ನಿದ್ದೆ ಇರಲಿಲ್ಲ ಅಂತ ಕಾಣುತ್ತದೆ.

ನಡುವೆ ಸುಮ್ನೆ ಇರಲಾರದೆ ಜೋಳದ ಹಿಟ್ಟಿನಲ್ಲಿ ನೀರುದೋಸೆ ಮಾಡಿದೆ. ಕಾವಲಿಯಿಂದ ಏಳಲೇ ಇಲ್ಲ, ಕೆರೆದು ತಿಂದೆವು. ಗೆದ್ದದ್ದು ತೊಗರಿ. ಇಲ್ಲಿ ನಂಡೋಲೋ ಅಂತಾರೆ, ಜೋಳದ ಸಾಲಿನ ನಡುವೆ ಬೆಳೆಯುತ್ತಾರೆ. ಕಲಬುರಗಿಯ ಬೇಳೆಗೆ ಏನೂ ಕಡಿಮೆ ಇಲ್ಲ. 2021ರ ಒಪ್ಪಂದದಲ್ಲಿ ಐದು ವರ್ಷದ ಮಟ್ಟಿಗೆ ವರ್ಷಕ್ಕೆ 50,000 ಟನ್ ಭಾರತವೇ ತರಿಸಿಕೊಳ್ಳುವ ಮಾತಾಗಿತ್ತು. ಈ ಸಲ ಎಂಟು ಚೀಲ ತೊಗರಿಯನ್ನೂ ಅದೇ ಥರ ಕಟ್ಟಿಟ್ಟಿದ್ದೇನೆ. ದೆಹಲಿಯಲ್ಲಿ ಆಮದಿನ ನಿಯಮ ಬದಲಾದರೆ ಇಲ್ಲಿ ಬೆಲೆ ಬೀಳುತ್ತದೆ, ಅದೇ ಹೆದರಿಕೆ.

ಇನ್ನು ಶೀಟ್. ಮಳೆ ಬಂದರೆ ಪ್ರಸಂಗ ಒಂದಕ್ಷರ ಕೇಳಿಸುವುದಿಲ್ಲ. ತೂತಾದ ಚೀಲಗಳನ್ನು ಹೊಲಿದು ಒಳಮಾಡು ಕಟ್ಟಿದ್ದೇವೆ, ಸದ್ದು ಸ್ವಲ್ಪ ಕಮ್ಮಿಯಾಗಿದೆ. ಈಗ ಅದರಲ್ಲಿ ಬಾವಲಿ ಸೇರಿಕೊಂಡಿವೆ, ಹಿಕ್ಕೆ ಬೀಳುವುದು ಸರಿಯಾಗಿ ಹಿರಿಯರ ಬೆಂಚಿನ ಮೇಲೆ.