ಮಲತಂದೆ, ಮಲತಾಯಿಗೆ ಮಗುವಿನ ಮೇಲೆ ಹಕ್ಕು: ಯಾವ ಕಾಗದ ಮಾಡಿಸಬೇಕು?

ಮಗು ವಾರವೆಲ್ಲ ನಿಮ್ಮ ಮನೆಯಲ್ಲೇ ಇರುತ್ತದೆ. ಟಿಫಿನ್ ಕಟ್ಟುವುದು, ಹೋಂವರ್ಕ್ ಮಾಡಿಸುವುದು, ಜ್ವರ ಬಂದರೆ ರಾತ್ರಿಯೆಲ್ಲ ಕೂರುವುದು, ಎಲ್ಲಾ ನೀವೇ. ಆದರೂ ಕಾನೂನಿನ ಪ್ರಕಾರ ನೀವು ಅದರ ಪಾಲಕರು, ಅಂದರೆ ಗಾರ್ಡಿಯನ್, ಅಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್‌ನಲ್ಲಿ, ತಂದೆ ತಾಯಿ ಎಂದರೆ ಮಲತಂದೆ ಮಲತಾಯಿ ಸೇರುವುದಿಲ್ಲ ಎಂದು ಬಿಡಿಸಿ ಹೇಳಿದೆ. ಎರಡನೇ ಮದುವೆಯಾದ ಎಷ್ಟೋ ಜನ ಇದು ಗೊತ್ತಿಲ್ಲದೆ ಎಡವುತ್ತಾರೆ.

ಮೊದಲು, ಕಸ್ಟಡಿ ಆದೇಶದ ಸರ್ಟಿಫೈಡ್ ಕಾಪಿ ತೆಗೆಸಿ ಪೂರ್ತಿ ಓದಿ. ನಮ್ಮಲ್ಲಿ ಜಂಟಿ ಕಸ್ಟಡಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಮಗು ವರ್ಷಕ್ಕೆ ಆರು ತಿಂಗಳು ಅಪ್ಪನ ಬಳಿ, ಆರು ತಿಂಗಳು ಅಮ್ಮನ ಬಳಿ ಇರಲಿ ಎಂದಿತು. ಹೀಗೆ ಎಲ್ಲವೂ ಆಯಾ ಆದೇಶದಲ್ಲಿ ಬರೆದಂತೆ.

ಎರಡನೆಯದು, ದಾರಿ ಆರಿಸಿಕೊಳ್ಳುವುದು. ಮಗುವಿನ ಹೆತ್ತ ಅಪ್ಪ ಅಥವಾ ಅಮ್ಮ ಬಂದು ಹೋಗುತ್ತಿದ್ದರೆ ದತ್ತಿನ ಮಾತೇ ಎತ್ತಬೇಡಿ. ದತ್ತು ಎಂದರೆ ಅವರು ಮಗುವಿನ ಮೇಲಿನ ಹಕ್ಕನ್ನೇ ಬಿಟ್ಟುಕೊಡಬೇಕು. ಪ್ರತಿ ಭಾನುವಾರ ಮಗುವಿಗಾಗಿ ಕಾಯುವವರ ಮುಂದೆ ಒಪ್ಪಿಗೆ ಪತ್ರ ಹಿಡಿದರೆ, ಇದ್ದ ಹೊಂದಾಣಿಕೆಯೂ ಮುರಿದು ಮತ್ತೆ ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ. ಪಾಲಕರಾಗಿ ನೇಮಿಸಿ ಎಂದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕುವವರೂ ಇದ್ದಾರೆ. ಬಂಧುಗಳಷ್ಟೇ ಅಲ್ಲ, ಸ್ನೇಹಿತರೂ ಹಾಕಬಹುದು, ನಿಜ. ಆದರೆ ಹೆತ್ತವರು ಬದುಕಿದ್ದು, ಅವರು ಅಯೋಗ್ಯರೆಂದು ಕೋರ್ಟಿಗೆ ಅನ್ನಿಸದಿದ್ದರೆ ಆ ಕಾಯ್ದೆಯ 19ನೇ ಸೆಕ್ಷನ್ ಅಡ್ಡ ಬರುತ್ತದೆ.

ಆಗ ಉಳಿಯುವ ದಾರಿ, ಜನ ಜಾಸ್ತಿ ಕೆಡಿಸಿಕೊಳ್ಳುವ ಹಂತವೂ ಅದೇ: ಜಂಟಿ ಮೆಮೊ. ಹೆತ್ತವರಿಬ್ಬರೂ ಒಪ್ಪಿ, ನಿಮ್ಮ ಪಾತ್ರವನ್ನು ಬರವಣಿಗೆಯಲ್ಲಿಟ್ಟು, ಅದನ್ನು ಆದೇಶಕ್ಕೆ ಸೇರಿಸಿ ಎಂದು ಫ್ಯಾಮಿಲಿ ಕೋರ್ಟನ್ನು ಕೇಳುವುದು. ಮಗುವಿನ ಕುರಿತ ಆದೇಶವನ್ನು ಡಿವೋರ್ಸ್ ಆದ ಮೇಲೂ ಬದಲಿಸಲು ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಎಡವಟ್ಟಾಗುವುದು ಒಕ್ಕಣೆಯಲ್ಲಿ. ‘ಮನೆಯವರು ಕರೆದುಕೊಂಡು ಹೋಗಬಹುದು’ ಎಂದು ಬರೆಸಿರುತ್ತಾರೆ. ಶಾಲೆಯ ಗೇಟಿನಲ್ಲಿ ಸೆಕ್ಯುರಿಟಿಯವರು ಎಸ್ಕಾರ್ಟ್ ಕಾರ್ಡ್ ತಿರುಗಿಸಿ ನೋಡಿ, ‘ನಿಮ್ಮ ಹೆಸರು ಇಲ್ಲಿ ಇಲ್ವಲ್ಲ ಸಾರ್’ ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ. ಆಧಾರ್‌ನಲ್ಲಿ ಇರುವಂತೆಯೇ ನಿಮ್ಮ ಪೂರ್ತಿ ಹೆಸರು ಬರೆಸಿ. ಶಾಲೆಯಿಂದ ಕರೆತರುವುದು, ಪೋಷಕರ ಸಭೆಗೆ ಹೋಗುವುದು, ತುರ್ತು ಚಿಕಿತ್ಸೆಗೆ ಸಹಿ ಹಾಕುವುದು, ಊರಿಗೆ ಕರೆದೊಯ್ಯುವುದು, ಒಂದೊಂದಕ್ಕೂ ಒಂದೊಂದು ಸಾಲು ಇರಲಿ. ಚಿಕಿತ್ಸೆಯ ಸಾಲು ಹೀಗಿದ್ದರೆ ಸಾಕು: ‘ಹೆತ್ತವರಿಬ್ಬರೂ ಫೋನಿಗೆ ಸಿಗದಿದ್ದಾಗ ಇಂಥವರು ತುರ್ತು ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು, ಕೂಡಲೇ ಇಬ್ಬರಿಗೂ ತಿಳಿಸಬೇಕು.’ ಕೊನೆಯ ಆ ತುಂಡು ವಾಕ್ಯ ಬಿಡಬೇಡಿ. ಆ ಕಡೆಯವರು ಒಪ್ಪುವುದೇ ಅದರಿಂದ. ಮಗು ನಿಮ್ಮನ್ನು ಏನೆಂದು ಕರೆಯಬೇಕು ಎಂಬುದನ್ನು ಮಾತ್ರ ಮೆಮೊದಲ್ಲಿ ತರಲೇಬೇಡಿ. ಅದನ್ನು ಮಗುವಿಗೇ ಬಿಡಿ.

ಟೈಪಿಂಗ್ ಅಂಗಡಿಯಲ್ಲಿ ಸ್ಟ್ಯಾಂಪ್ ಪೇಪರ್ ಮೇಲೆ ‘ದತ್ತು ಪತ್ರ’ ಬರೆಸಿ ನೋಟರಿ ಮಾಡಿಸುವುದು ಸುಮ್ನೆ ದುಡ್ಡು ದಂಡ. ನೋಟರಿ ಮೊಹರಿನಿಂದ ಯಾರೂ ಅಪ್ಪ ಆಗುವುದಿಲ್ಲ. ಶಾಲೆಯ ದಾಖಲೆಯಲ್ಲಿ ಸದ್ದಿಲ್ಲದೆ ತಂದೆಯ ಹೆಸರು ಬದಲಿಸುವುದಂತೂ ಬೇಡವೇ ಬೇಡ. ಮುಂದೆ ತೊಂದರೆಗೆ ಸಿಕ್ಕುವುದು ಮಗು.

ಆದೇಶ ಕೈಗೆ ಬಂದ ಮೇಲೆ ಶಾಲೆಗೆ, ಮಕ್ಕಳ ಡಾಕ್ಟರಿಗೆ ಒಂದೊಂದು ಪ್ರತಿ ಕೊಡಿ.

ಹೆತ್ತವರಲ್ಲಿ ಒಬ್ಬರು ತೀರಿಕೊಂಡಿದ್ದರೆ, ಇಲ್ಲವೇ ಮನಸಾರೆ ಬಿಟ್ಟುಕೊಟ್ಟರೆ ದತ್ತಿನ ದಾರಿ ಸರಿ. ದಂಪತಿ ಇಬ್ಬರೂ ಕೇಂದ್ರ ದತ್ತು ಪ್ರಾಧಿಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕು. 2022ರ ಸೆಪ್ಟೆಂಬರ್‌ನಿಂದ ಇಂಥ ದತ್ತು ಆದೇಶ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಜಿಲ್ಲಾಧಿಕಾರಿ. ಕಸ್ಟಡಿ ಕೇಸ್ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಈ ಪ್ರಕ್ರಿಯೆ ಶುರುವಾಗುವುದಿಲ್ಲ. ಮದುವೆಯಾಗದೆ ಜೊತೆಗಿರುವವರಿಗೆ ಈ ದಾರಿ ಇಲ್ಲ. ಅವರು ಮೆಮೊವನ್ನೇ ನಂಬಿಕೊಳ್ಳಬೇಕು.

ಗಂಡ ತೀರಿಕೊಂಡು ಮರುಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು. ಮಗುವಿನ ಸರ್‌ನೇಮ್ ನಿರ್ಧರಿಸುವ ಹಕ್ಕು ತಾಯಿಗಿದೆ ಎಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದಾಖಲೆಯಲ್ಲಿ ಈಗಿನ ಗಂಡನನ್ನು ‘ಮಲತಂದೆ’ ಎಂದೇ ತೋರಿಸಬೇಕೆಂಬ ಹೈಕೋರ್ಟಿನ ಸೂಚನೆಯನ್ನು ಅದು ಕಟುವಾಗಿ ಟೀಕಿಸಿ ತೆಗೆದುಹಾಕಿತು.

ಕೊನೆಗೆ ಉಯಿಲು. ವಯಸ್ಸಾದ ತಂದೆ ತಾಯಿಯನ್ನು ಮಕ್ಕಳು ನೋಡಿಕೊಳ್ಳಬೇಕು ಎನ್ನುವ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ತಂದೆ ತಾಯಿ ಎಂದರೆ ಮಲತಂದೆ ಮಲತಾಯಿಯೂ ಸೇರುತ್ತಾರೆ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಲಮಗ, ಮಲಮಗಳು ಮಕ್ಕಳ ಸಾಲಿನಲ್ಲಿ ಇಲ್ಲ. ದತ್ತು ಆಗದಿದ್ದರೆ ಸಾಮಾನ್ಯವಾಗಿ ನೀವು ಉಯಿಲಿನಲ್ಲಿ ಬರೆದಿಟ್ಟಷ್ಟೇ ಮಗುವಿಗೆ. ಎರಡು ಸಾಕ್ಷಿ ಸಹಿ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿಬಿಡಿ.