ಹುಚ್ಚುನಾಯಿ ಕಚ್ಚಿದ ಆಕಳಿಗೆ ಏನು ಮಾಡಬೇಕು

ಹಾವೇರಿ, ಗದಗ ಕಡೆ ಹೊಲದಾಗ ಕಟ್ಟಿದ ದನಕ್ಕೆ ನಾಯಿ ಕಚ್ಚಿದರೆ ಮೊದಲ ಔಷಧ ನೀರು ಮತ್ತು ಸಾಬೂನು. ರಬ್ಬರ್ ಕೈಗವಸು ಹಾಕಿಕೊಂಡು, ಹರಿಯುವ ನೀರಿನಲ್ಲಿ ಬಟ್ಟೆ ಸಾಬೂನು ಹಚ್ಚಿ ಗಾಯವನ್ನು 15 ನಿಮಿಷ ತೊಳೆಯಿರಿ. ಹುಚ್ಚುನಾಯಿ ರೋಗದ (ರೇಬೀಸ್) ವೈರಾಣುವಿನ ಹೊರಪದರ ಕೊಬ್ಬಿನದು, ಸಾಬೂನು ಅದನ್ನು ಒಡೆಯುತ್ತದೆ. ಆಮೇಲೆ ಗಾಯದ ಕ್ರಿಮಿ ಕೊಲ್ಲುವ ಪೊವಿಡೋನ್ ಅಯೋಡಿನ್ ಹಚ್ಚಿ. ಸುಣ್ಣ, ಖಾರಪುಡಿ ಬೇಡವೇ ಬೇಡ. ಹೊಲಿಗೆಗೂ ಅವಸರ ಮಾಡಬಾರದು, ಸೂಜಿ ವೈರಾಣುವನ್ನು ಇನ್ನಷ್ಟು ಒಳಕ್ಕೆ ಒಯ್ಯುತ್ತದೆ.

ಅದೇ ದಿನ ಪಶುವೈದ್ಯರನ್ನು ಕರೆಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ರೇಬೀಸ್ ಲಸಿಕೆ 0, 3, 7, 14, 28ನೇ ದಿನ, ಸಾಮಾನ್ಯವಾಗಿ ಪ್ರತಿ ಸಲ 1 ಮಿ.ಲೀ. ಮೊದಲ ಇಂಜೆಕ್ಷನ್ ದಿನವೇ 0. ಮೂತಿಗೆ ಕಚ್ಚಿದ್ದರೆ ಮಿದುಳು ಹತ್ತಿರ, ಒಂದು ದಿನವೂ ತಡ ಬೇಡ. ಗಾಯ ಮಾಯಿತೆಂದು ಉಳಿದ ಡೋಸ್ ಬಿಡುವುದೇ ದೊಡ್ಡ ತಪ್ಪು. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಹುಬ್ಬಳ್ಳಿಯಿಂದ ತರುವುದಾದರೆ ಐಸ್ ಇಟ್ಟ ಥರ್ಮಾಸ್‌ನಲ್ಲಿ, ಬಾಟಲಿಗೆ ಬಟ್ಟೆ ಸುತ್ತಿ ತನ್ನಿ. ಹೆಪ್ಪುಗಟ್ಟಿದರೂ ಕೆಡುತ್ತದೆ.

ಜೊಲ್ಲು ಸುರಿಸುತ್ತ, ದನಿ ಒಡೆದು ಒದರುತ್ತ, ಮೇವು ನುಂಗಲಾರದೆ ನಿಂತ ಆಕಳ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ, ದಯವಿಟ್ಟು. ಇವು ರೇಬೀಸ್ ಲಕ್ಷಣವಿರಬಹುದು, ರೇಬೀಸ್ ಲಕ್ಷಣ ಕಂಡ ಮೇಲೆ ಆಕಳಿಗೆ ಚಿಕಿತ್ಸೆಯಿಲ್ಲ. ಬೇರೆ ಕಟ್ಟಿ, ಹಾಲು ಚೆಲ್ಲಿಬಿಡಿ. ಕೈ ಹಾಕಿದವರಿದ್ದರೆ ಸಾಬೂನಿನಿಂದ ತೊಳೆದುಕೊಂಡು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಲಿ, ಗೀರಿದ ಗಾಯವಿದ್ದರೆ ಇಮ್ಯುನೊಗ್ಲಾಬುಲಿನ್ (ವೈರಾಣು ತಡೆಯುವ ಸಿದ್ಧ ಪ್ರತಿಕಾಯ) ಬೇಕೇ ಎಂದು ವೈದ್ಯರನ್ನು ಕೇಳಲಿ.