ಮನೇಲೇ ಮ್ಯಾಕ್ರೋ ಫೋಟೋ, ಫೋಕಸ್ ಸ್ಟ್ಯಾಕಿಂಗ್ ಶುರು ಮಾಡೋರಿಗೆ

ಮ್ಯಾಕ್ರೋ, ಅಂದ್ರೆ ಚಿಕ್ಕ ವಸ್ತುಗಳ ಫೋಟೋನ ತೀರಾ ಹತ್ತಿರದಿಂದ ತೆಗೆಯೋದು, ಶುರು ಮಾಡ್ದಾಗ ಎಲ್ರಿಗೂ ಮೊದ್ಲು ತಲೆಕೆಡಿಸೋದು ಒಂದೇ ವಿಷ್ಯ. ನೊಣದ ಕಣ್ಣಿಗೆ ಫೋಕಸ್ ಮಾಡಿದ್ರೆ ರೆಕ್ಕೆ ಮಬ್ಬು, ರೆಕ್ಕೆಗೆ ಮಾಡಿದ್ರೆ ಕಣ್ಣು ಮಬ್ಬು. ಇದು ಲೆನ್ಸ್ ಕೆಟ್ಟದ್ದು ಅಂತ ಅಲ್ಲ, ಹತ್ತಿರ ಹೋದಷ್ಟೂ ಡೆಪ್ತ್ ಆಫ್ ಫೀಲ್ಡ್, ಅಂದ್ರೆ ಮುಂದಿನಿಂದ ಹಿಂದಕ್ಕೆ ಶಾರ್ಪ್ ಆಗಿ ಕಾಣೋ ಜಾಗ, ಸಣ್ಣದಾಗ್ತಾ ಹೋಗತ್ತೆ ಅಷ್ಟೇ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1 ಅಂದ್ರೆ ವಸ್ತು ಎಷ್ಟು ದೊಡ್ಡದಿದ್ಯೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳೋ ಹಾಗೆ ತೆಗೆದ್ರೆ, ಎಫ್ 8ರಲ್ಲಿ (ಎಫ್ ನಂಬರ್ ಅಂದ್ರೆ ಅಪರ್ಚರ್, ಲೆನ್ಸಿನೊಳಗೆ ಬೆಳಕು ಬರೋ ತೂತಿನ ಅಳತೆ, ನಂಬರ್ ದೊಡ್ಡದಾದಷ್ಟೂ ತೂತು ಚಿಕ್ಕದು, ಶಾರ್ಪ್ ಜಾಗ ಜಾಸ್ತಿ) ಶಾರ್ಪ್ ಆಗಿ ಕಾಣೋ ಜಾಗ ಹೆಚ್ಚುಕಮ್ಮಿ 1 ಮಿಮೀ ಮಾತ್ರ, 2:1ಕ್ಕೆ, ಅಂದ್ರೆ ಸೆನ್ಸರ್ ಮೇಲೆ ಎರಡರಷ್ಟು ದೊಡ್ಡದಾಗಿ ಬೀಳೋ ಹಾಗೆ, ಹೋದ್ರೆ ಅದು ಅರ್ಧ ಮಿಮೀಗಿಂತ್ಲೂ ಕಮ್ಮಿ.

ಹಾಗಾದ್ರೆ ಎಫ್ 22 ಇಟ್ಬಿಡೋಣ ಅನ್ಸತ್ತೆ ಅಲ್ವಾ. ಆದ್ರೆ 1:1ರಲ್ಲಿ ನೀವು ಇಟ್ಟಿರೋ ಎಫ್ ನಂಬರ್ ಸುಮಾರು ಎರಡರಷ್ಟಾಗಿ ಕೆಲ್ಸ ಮಾಡತ್ತೆ, ಎಫ್ 22 ಇಟ್ರೆ ಎಫ್ 44 ಇಟ್ಟ ಹಾಗೆ, ಆಗ ಡಿಫ್ರಾಕ್ಷನ್, ಅಂದ್ರೆ ಸಣ್ಣ ತೂತಿನಲ್ಲಿ ಹಾಯೋ ಬೆಳಕು ಹರಡಿಕೊಳ್ಳೋದು, ಶುರುವಾಗಿ ಇಡೀ ಫೋಟೋನೇ ಮೆತ್ತಗಾಗತ್ತೆ, ಎಲ್ಲಾ ಫೋಕಸ್‌ನಲ್ಲಿದೆ ಆದ್ರೆ ಯಾವ್ದೂ ಶಾರ್ಪ್ ಇಲ್ಲ ಅನ್ನೋ ಥರ. ಅದಕ್ಕೇ ಸ್ಟ್ಯಾಕಿಂಗ್. ಲೆನ್ಸ್ ಚೆನ್ನಾಗಿ ಶಾರ್ಪ್ ಇರೋ ಎಫ್ 4ರಿಂದ ಎಫ್ 8ರ ಒಳಗೆ ಇಟ್ಕೊಂಡು, ಫೋಕಸ್‌ನ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಳ್ತಾ ಒಂದಷ್ಟು ಫೋಟೋ ತೆಗೆದು, ಪ್ರತಿ ಫೋಟೋದಲ್ಲಿ ಶಾರ್ಪ್ ಇರೋ ಭಾಗ ಮಾತ್ರ ಆರಿಸಿ ಸಾಫ್ಟ್‌ವೇರ್‌ನಲ್ಲಿ ಒಂದು ಮಾಡೋದು.

ಲೆನ್ಸ್ ವಿಷ್ಯ. 90, 100, 105 ಮಿಮೀ ಮ್ಯಾಕ್ರೋ ಲೆನ್ಸ್ ಇದ್ರೆ ಒಳ್ಳೇದು, ವಸ್ತುವಿಗೂ ಲೆನ್ಸಿಗೂ ಮಧ್ಯೆ ಲೈಟ್ ಇಡೋಕೆ ಜಾಗ ಸಿಗತ್ತೆ. ಇಲ್ಲಾಂದ್ರೆ ಶುರು ಮಾಡೋಕೆ ಅದನ್ನ ಕೊಳ್ಳಲೇಬೇಕು ಅಂತೇನಿಲ್ಲ. 50 ಮಿಮೀ ಲೆನ್ಸ್ ಇದ್ರೆ ಒಟ್ಟು 50 ಮಿಮೀ ಆಗೋಷ್ಟು ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಗೂ ಲೆನ್ಸಿಗೂ ಮಧ್ಯೆ ಕೂರಿಸೋ ಖಾಲಿ ಕೊಳವೆ) ಹಾಕಿ, 1:1 ಸಿಕ್ಬಿಡತ್ತೆ, ಯಾಕಂದ್ರೆ ಟ್ಯೂಬಿನ ಉದ್ದವನ್ನ ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದ್ರೆ ಬರೋದೇ ಹೆಚ್ಚುವರಿ ಮ್ಯಾಗ್ನಿಫಿಕೇಷನ್. ಟ್ಯೂಬ್ ತಗೊಳ್ಳೋವಾಗ ಒಳಗೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇರೋದನ್ನೇ ತಗೊಳ್ಳಿ, ಇಲ್ದಿದ್ರೆ ಈಗಿನ ಲೆನ್ಸ್‌ಗಳಲ್ಲಿ ಅಪರ್ಚರ್ ಬದಲಾಯಿಸೋಕಾಗಲ್ಲ. ರಿವರ್ಸ್ ರಿಂಗ್ ಹಾಕಿ ಲೆನ್ಸ್ ತಿರುಗಿಸಿ ಕೂರಿಸೋದು ಇನ್ನೊಂದು ದಾರಿ, ಅದಕ್ಕೆ ಅಪರ್ಚರ್ ರಿಂಗ್ ಇರೋ ಹಳೇ ಮ್ಯಾನುಯಲ್ ಲೆನ್ಸೇ ಸರಿ. ಝೂಮ್ ಲೆನ್ಸ್ ಇರೋರು ರೇನಾಕ್ಸ್ ಡಿಸಿಆರ್-250 ಥರದ ಕ್ಲೋಸಪ್ ಲೆನ್ಸ್ ಮುಂದೆ ಸಿಕ್ಕಿಸ್ಕೋಬಹುದು.

ಲೆನ್ಸಿಗಿಂತ ಮುಖ್ಯವಾದದ್ದು ಏನೂ ಅಲುಗದೆ ಇರೋದು. ಇದನ್ನ ಎಷ್ಟು ಒತ್ತಿ ಹೇಳಿದ್ರೂ ಸಾಲಲ್ಲ. 1:1ರಲ್ಲಿ ಕೂದಲೆಳೆಯಷ್ಟು ಅಲುಗಿದ್ರೂ ಫೋಟೋದಲ್ಲಿ ಎದ್ದು ಕಾಣತ್ತೆ. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಗಟ್ಟಿ ಟೇಬಲ್ ಮೇಲೆ ಸೆಟಪ್ ಮಾಡಿ, ಕ್ಯಾಮೆರಾ ಮತ್ತೆ ವಸ್ತು ಎರಡೂ ಒಂದೇ ಟೇಬಲ್ ಮೇಲೆ ಕೂತಿದ್ರೆ ಇನ್ನೂ ಒಳ್ಳೇದು, ಟೇಬಲ್ ಅಲುಗಿದ್ರೂ ಎರಡೂ ಒಟ್ಟಿಗೆ ಅಲುಗ್ತವೆ. ಎರಡು ಸೆಕೆಂಡ್ ಟೈಮರ್ ಅಥವಾ ರಿಮೋಟ್ ಬಳಸಿ, ಕ್ಯಾಮೆರಾದಲ್ಲಿ ಎಲೆಕ್ಟ್ರಾನಿಕ್ ಶಟರ್ ಇದ್ರೆ ಅದನ್ನೇ ಹಾಕಿ, ಟ್ರೈಪಾಡ್ ಮೇಲಿರೋವಾಗ ಸ್ಟೆಬಿಲೈಸೇಷನ್ ಆಫ್. ಫೋಟೋ ತೆಗೀತಿರೋವಾಗ ನೀವು ರೂಮಲ್ಲಿ ಓಡಾಡ್ಬೇಡಿ.

ಮೊದಲ ಸ್ಟ್ಯಾಕ್‌ಗೆ ಜೀವ ಇರೋ ಹುಳ ಬೇಡವೇ ಬೇಡ. ನಾಣ್ಯವನ್ನ ಸ್ವಲ್ಪ ಓರೆಯಾಗಿ ಇಡಿ, ಇಲ್ಲಾಂದ್ರೆ ಪೆನ್ಸಿಲ್ ಮೊನೆ, ಹಕ್ಕಿ ಗರಿ, ಉಪ್ಪಿನ ಹರಳು, ಹಳೇ ಸರ್ಕ್ಯೂಟ್ ಬೋರ್ಡ್ ಯಾವ್ದಾದ್ರೂ ಆಗತ್ತೆ. ಹೂವು ಸುಮ್ನೆ ನಿಂತಿರೋ ಥರ ಕಾಣತ್ತೆ ಆದ್ರೆ ಲೈಟಿನ ಬಿಸಿಗೆ ನಿಧಾನಕ್ಕೆ ಅಲುಗ್ತಾ ಇರತ್ತೆ, ಅದನ್ನ ಆಮೇಲೆ ನೋಡ್ಕೊಳ್ಳಿ. ಹುಳದ ಫೋಟೋನೇ ಬೇಕು ಅಂದ್ರೆ ಕಿಟಕಿ ಮೂಲೆಯಲ್ಲಿ ತಾನಾಗೇ ಸತ್ತು ಬಿದ್ದಿರೋದು ಸಿಗತ್ತೆ, ಫೋಟೋಗೋಸ್ಕರ ಯಾವ್ದನ್ನೂ ಸಾಯಿಸ್ಬೇಡಿ, ಫ್ರಿಜ್‌ನಲ್ಲಿ ಇಟ್ಟು ಮರಗಟ್ಟಿಸೋದೂ ಬೇಡ. ಶೂಟ್‌ಗೆ ಮುಂಚೆ ಬ್ಲೋವರ್, ಮೆತ್ತನೆ ಬ್ರಷ್‌ನಿಂದ ಧೂಳು ತೆಗೀರಿ, ಬರಿಗಣ್ಣಿಗೆ ಕಾಣದೇ ಇರೋ ಧೂಳೆಲ್ಲಾ ಇಲ್ಲಿ ಕಲ್ಲಿನ ಥರ ಕಾಣತ್ತೆ.

ಲೈಟ್ ಎಷ್ಟು ಮೆತ್ತಗಿದ್ರೆ ಅಷ್ಟು ಚೆನ್ನ. ಬಿಳಿ ಪ್ಲಾಸ್ಟಿಕ್ ಲೋಟದ ತಳ ಕತ್ತರಿಸಿ ವಸ್ತುವಿನ ಸುತ್ತ ನಿಲ್ಲಿಸಿ, ಹೊರಗಿಂದ ಎರಡು ಕಡೆ ಲೈಟ್ ಬಿಟ್ರೆ ಸಾಕು, ಜೀರುಂಡೆ ಬೆನ್ನಿನಂಥ ಹೊಳೆಯೋ ಮೈ ಮೇಲೂ ಬಿಳೀ ಚುಕ್ಕೆ ಬೀಳಲ್ಲ, ಬಣ್ಣ ಸರಿಯಾಗಿ ಬರತ್ತೆ. ಟ್ರೇಸಿಂಗ್ ಪೇಪರ್ ಕೂಡ ನಡಿಯತ್ತೆ. ಕೆಲವು ಎಲ್‌ಇಡಿ ಲೈಟ್ ಮಿಣುಕ್ತವೆ, ಆಗ ಒಂದೊಂದು ಫೋಟೋ ಒಂದೊಂದು ಬ್ರೈಟ್‌ನೆಸ್‌ನಲ್ಲಿ ಬರತ್ತೆ, ಶಟರ್ ಸ್ಪೀಡ್ ನಿಧಾನ ಮಾಡಿ ನೋಡಿ. ಫ್ಲಾಶ್ ಇದ್ರೆ ಕಮ್ಮಿ ಪವರ್‌ನಲ್ಲಿ ಬಳಸಿ, ಬೆಳಕು ಮಿಂಚೋ ಸಮಯ ತುಂಬಾ ಚಿಕ್ಕದಿರೋದ್ರಿಂದ ಸಣ್ಣಪುಟ್ಟ ಅಲುಗಾಟ ಗೊತ್ತೇ ಆಗಲ್ಲ.

ಸೆಟ್ಟಿಂಗ್ ಎಲ್ಲಾ ಮ್ಯಾನುಯಲ್. ಐಎಸ್‌ಓ 100 ಅಥವಾ 200, ವೈಟ್ ಬ್ಯಾಲೆನ್ಸ್ ಫಿಕ್ಸ್, ಆಟೋ ಅನ್ನೋದು ಯಾವ್ದೂ ಬೇಡ, ರಾ ಫೈಲ್, ಅಂದ್ರೆ ಸೆನ್ಸರ್ ಹಿಡಿದಿದ್ದನ್ನ ಹಾಗೇ ಇಟ್ಕೊಳ್ಳೋ ಫೈಲ್.

ಈಗ ಸ್ಟೆಪ್, ಅಂದ್ರೆ ಒಂದು ಫೋಟೋದಿಂದ ಮುಂದಿನದಕ್ಕೆ ಫೋಕಸ್ ಎಷ್ಟು ಸರಿಸ್ಬೇಕು ಅನ್ನೋದು, ಜಾಸ್ತಿ ಜನ ಎಡವೋದು ಇಲ್ಲೇ. ಒಂದು ಫೋಟೋದ ಶಾರ್ಪ್ ಜಾಗ ಮುಂದಿನ ಫೋಟೋದ ಶಾರ್ಪ್ ಜಾಗದ ಮೇಲೆ ಸ್ವಲ್ಪ ಹತ್ಕೊಂಡಿರ್ಬೇಕು, ಕಾಲು ಭಾಗದಿಂದ ಮೂರನೇ ಒಂದು ಭಾಗ ಅಂದ್ಕೊಳ್ಳಿ. 1:1ರಲ್ಲಿ ಎಫ್ 5.6 ಇಟ್ರೆ ಶಾರ್ಪ್ ಜಾಗ ಸುಮಾರು 0.6 ಮಿಮೀ, ಆಗ ಸ್ಟೆಪ್ 0.4 ಮಿಮೀ ಇಡಿ, 6 ಮಿಮೀ ಆಳದ ವಸ್ತುವಿಗೆ ಹದಿನೈದು ಹದಿನಾರು ಫೋಟೋ ಆಗತ್ತೆ. ಅನುಮಾನ ಬಂದ್ರೆ ಸ್ಟೆಪ್ ಇನ್ನೂ ಚಿಕ್ಕದು ಮಾಡಿ, ಫೋಟೋ ಜಾಸ್ತಿಯಾದ್ರೆ ಆಮೇಲೆ ಬಿಟ್ಬಿಡಬಹುದು, ಮಧ್ಯೆ ಒಂದು ತಪ್ಪಿದ್ರೆ ಅಲ್ಲಿ ಮಬ್ಬು ಪಟ್ಟಿ ಬರತ್ತೆ, ಅದನ್ನ ಸರಿ ಮಾಡೋಕೆ ಯಾವ ಸಾಫ್ಟ್‌ವೇರಿಗೂ ಆಗಲ್ಲ. 1:1ವರೆಗೂ ಫೋಕಸ್ ರಿಂಗ್ ತಿರುಗಿಸ್ಕೊಂಡೇ ಮಾಡಬಹುದು, ಅದಕ್ಕಿಂತ ಜಾಸ್ತಿಯಾದ್ರೆ ಕ್ಯಾಮೆರಾನೇ ಸ್ವಲ್ಪ ಸ್ವಲ್ಪ ಮುಂದೆ ಹಿಂದೆ ಸರಿಸೋ ಫೋಕಸಿಂಗ್ ರೈಲ್ ಬೇಕಾಗತ್ತೆ. ಈಗಿನ ಎಷ್ಟೋ ಕ್ಯಾಮೆರಾಗಳಲ್ಲಿ ಈ ಕೆಲಸ ತಾನೇ ಮಾಡೋ ವ್ಯವಸ್ಥೆ ಇದೆ, ನಿಕಾನ್‌ನಲ್ಲಿ ಫೋಕಸ್ ಶಿಫ್ಟ್ ಅಂತಾರೆ, ಕ್ಯಾನನ್, ಫ್ಯೂಜಿ, ಒಲಿಂಪಸ್‌ನಲ್ಲಿ ಫೋಕಸ್ ಬ್ರಾಕೆಟಿಂಗ್. ಅಲ್ಲಿ ಸ್ಟೆಪ್‌ಗೆ ಮಿಮೀ ಲೆಕ್ಕ ಇರಲ್ಲ, ಬರೀ 1, 2, 3 ಅಂತ ಇರತ್ತೆ, ಅದಕ್ಕೆ ಒಂದು ಸ್ಕೇಲ್ ಓರೆಯಾಗಿ ಇಟ್ಟು ಪ್ರತಿ ನಂಬರಿಗೂ ಫೋಕಸ್ ಎಷ್ಟು ಸರಿಯತ್ತೆ ಅಂತ ನೋಡಿ ಬರೆದಿಟ್ಕೊಳ್ಳಿ. ಶುರು ಮಾಡೋ ಫೋಕಸ್ ವಸ್ತುವಿನ ಮುಂದಿನ ತುದಿಗಿಂತ ಸ್ವಲ್ಪ ಮುಂದೇ ಇರಲಿ. ಫ್ರೇಮಲ್ಲಿ ಸುತ್ತ ಜಾಗ ಬಿಡಿ, ಫೋಕಸ್ ಬದಲಾದಂತೆ ಚಿತ್ರದ ಸೈಜೂ ಸ್ವಲ್ಪ ಬದಲಾಗತ್ತೆ, ಹೊಂದಿಸೋವಾಗ ಅಂಚು ಕತ್ತರಿಸಿ ಹೋಗತ್ತೆ.

ಸಾಫ್ಟ್‌ವೇರ್‌ಗೆ ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಎರಡೂ ಇದಕ್ಕೇ ಅಂತ ಮಾಡಿದ್ದು. ಫೋಟೋಶಾಪ್ ಇದ್ರೆ ಎಲ್ಲಾ ಲೇಯರ್ ಸೆಲೆಕ್ಟ್ ಮಾಡಿ ಆಟೋ ಅಲೈನ್, ಆಮೇಲೆ ಆಟೋ ಬ್ಲೆಂಡ್ ಕೊಟ್ರೆ ಆಯ್ತು, ಸಣ್ಣ ಸ್ಟ್ಯಾಕ್‌ಗೆ ಸಾಕು. ಫ್ರೀ ಬೇಕಾದ್ರೆ ಪಿಕೋಲೇ ಇದೆ. ಝೆರೀನ್‌ನಲ್ಲಿ ಪಿಮ್ಯಾಕ್ಸ್, ಡಿಮ್ಯಾಪ್ ಅಂತ ಎರಡು ರೀತಿ ಇದೆ. ಒಂದರ ಮೇಲೊಂದು ಬಿದ್ದಿರೋ ಕೂದಲು, ಮೀಸೆ ಇರೋ ಹುಳಕ್ಕೆ ಪಿಮ್ಯಾಕ್ಸ್, ಆದ್ರೆ ಅದರಲ್ಲಿ ನಾಯ್ಸ್ (ಮರಳಿನ ಥರ ಕಾಣೋ ಚುಕ್ಕೆಗಳು), ಕಾಂಟ್ರಾಸ್ಟ್ ಎರಡೂ ಏರತ್ತೆ, ನುಣುಪಾದ ಮೈ ಮತ್ತೆ ಬಣ್ಣ ಇದ್ದ ಹಾಗೇ ಬರ್ಬೇಕು ಅಂದ್ರೆ ಡಿಮ್ಯಾಪ್. ನನ್ನ ಪ್ರಕಾರ ಎರಡೂ ಮಾಡಿ, ಡಿಮ್ಯಾಪ್ ಫೋಟೋ ಮೇಲೆ ಕೂದಲಿರೋ ಜಾಗದಲ್ಲಿ ಮಾತ್ರ ಪಿಮ್ಯಾಕ್ಸ್‌ನಿಂದ ರೀಟಚ್ ಮಾಡೋದೇ ಒಳ್ಳೇ ರೀತಿ, ಸಮಯ ಹಿಡಿಯತ್ತೆ ಆದ್ರೆ ವ್ಯತ್ಯಾಸ ನೋಡಿದ್ಮೇಲೆ ಬಿಡೋಕೆ ಮನಸ್ಸಾಗಲ್ಲ.

ಫಲಿತಾಂಶ ಬಂದ್ಮೇಲೆ ನೂರು ಪರ್ಸೆಂಟ್ ಝೂಮ್ ಮಾಡಿ ಮೂಲೆ ಮೂಲೆ ನೋಡಿ. ಅಂಚಿನ ಸುತ್ತ ಮಬ್ಬು ವರ್ತುಲ ಇದ್ರೆ ಆ ಜಾಗ ಶಾರ್ಪ್ ಇರೋ ಒಂದೇ ಫೋಟೋನ ಹುಡುಕಿ ಅದರಿಂದ ಬ್ರಷ್ ಮಾಡಿ. ಸಾಲಾಗಿ ಚುಕ್ಕೆ ಕಂಡ್ರೆ ಅದು ವಸ್ತುವಿನ ಮೇಲಿನ ಧೂಳಲ್ಲ, ಸೆನ್ಸರ್ ಮೇಲಿನ ಧೂಳು, ಫೋಟೋಗಳನ್ನ ಹೊಂದಿಸೋವಾಗ ಒಂದೇ ಚುಕ್ಕೆ ಸರೀತಾ ಸರೀತಾ ಗೆರೆಯಾಗಿರತ್ತೆ, ಮುಂದಿನ ಸ್ಟ್ಯಾಕ್‌ಗೆ ಮುಂಚೆ ಸೆನ್ಸರ್ ಕ್ಲೀನ್ ಮಾಡ್ಸಿ.